ಮಳೆ ಕೇಳಿಕೊಂಡು ಹೊರಡುವ ಕ್ಯಾಮೆರಾ

ಹಾಸನದಲ್ಲಿ ಇದ್ದುಕೊಂಡು ಪ್ರಕೃತಿಯ ಫೋಟೋ ತೆಗೆಯುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಪಡುವಣಕ್ಕೆ ಹೊರಟರೆ ಸಕಲೇಶಪುರ ದಾಟಿ ಬಿಸಿಲೆಯ ದಟ್ಟ ಕಾಡು. ಅರಸೀಕೆರೆ ಕಡೆ ತಿರುಗಿದರೆ ತೆಂಗಿನ ತೋಟ, ರಾಗಿ ಹೊಲ, ಕಲ್ಲುಗುಡ್ಡ. ಬೆಳಿಗ್ಗೆ ಒಂದನ್ನು ನೋಡಿ ಸಂಜೆಗೆ ಇನ್ನೊಂದನ್ನು ತಲುಪಬಹುದು. ಅಲ್ಲಿ ಮಳೆ ಹಿಡಿದು ಬಿಡದೆ ಸುರಿಯುವಾಗ ಇಲ್ಲಿ ಮೋಡ ಸುಮ್ನೆ ಹಾದು ಹೋಗುತ್ತಿರುತ್ತದೆ. ಚಿಕ್ಕಮಗಳೂರಿನದೂ ಇದೇ ಕತೆ. ಮೂಡಿಗೆರೆ ನೆನೆಯುತ್ತಿರುವಾಗ ಕಡೂರು ಆಕಾಶ ನೋಡುತ್ತಾ ಕೂತಿರುತ್ತದೆ.

ಹಾಗಾಗಿ ಬೇಸಿಗೆ, ಮಳೆಗಾಲ, ಚಳಿಗಾಲ ಅನ್ನುವ ಮೂರು ಹೆಸರು ನನ್ನ ಕೆಲಸಕ್ಕೆ ಸಾಲುವುದಿಲ್ಲ. ಎಲ್ಲಿ ಮಳೆ ಬಿತ್ತು, ಎಷ್ಟು ಬಿತ್ತು, ಬಿದ್ದು ಎಷ್ಟು ದಿನವಾಯಿತು ಅಂತ ಕೇಳಿಕೊಂಡೇ ಹೊರಡುತ್ತೇನೆ. ಪ್ರವಾಸದ ದಿನ ಮೊದಲೇ ಗೊತ್ತು ಮಾಡಿ, ಆಮೇಲೆ ಹವಾಮಾನ ಕೂಡಿ ಬರಲಿ ಅಂತ ಕಾಯುವ ಅಭ್ಯಾಸ ಬಿಟ್ಟ ಮೇಲೆ ನನ್ನ ಚಿತ್ರಗಳು ನಿಜಕ್ಕೂ ಬದಲಾದವು.

ಇದಕ್ಕೆ ಕಾಫಿ ಹೂವಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಬೀಳುವ ಹೂಮಳೆಗೆ ಗಿಡದ ಮೊಗ್ಗು ಎಚ್ಚರವಾಗುತ್ತದೆ. ಮಳೆಯಾದ ಏಳೆಂಟು ದಿನಕ್ಕೆ ರೊಬಸ್ಟಾ ಅರಳುತ್ತದೆ, ಅರೇಬಿಕಾ ಇನ್ನೊಂದೆರಡು ದಿನ ತಡ. ಅರಳಿದ ಹೂ ಅಪ್ಪಟ ಬಿಳಿಯಾಗಿ ಉಳಿಯುವುದು ಮೂರು ದಿನ ಅಂದುಕೊಳ್ಳಿ. ಆಮೇಲೆ ಕಂದು ತಿರುಗುತ್ತದೆ. ಇಷ್ಟು ಸಣ್ಣ ಅವಧಿಯನ್ನು ಯಾವ ಕ್ಯಾಲೆಂಡರೂ ಹೇಳುವುದಿಲ್ಲ. ಮೂಡಿಗೆರೆ ಹತ್ತಿರದ ತೋಟವೊಂದರ ರೈಟರ್, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು, ನನಗೆ ಪರಿಚಯ. ಅವರ ಫೋನ್ ಬಂದರೆ ಅಂದೇ ರಜೆ ಚೀಟಿ ಬರೆಯುತ್ತೇನೆ. "ಸಾರ್, ರಾತ್ರಿ ಒಂದಿಂಚು ಹೊಡೀತು. ಮುಂದಿನ ವಾರ ಇದೇ ದಿನ ಬಂದ್ಬಿಡಿ" ಅನ್ನುತ್ತಾರೆ. ಅವರ ಲೆಕ್ಕ ತಪ್ಪುವುದಿಲ್ಲ. ಸ್ಪ್ರಿಂಕ್ಲರ್ ಇರುವ ರೊಬಸ್ಟಾ ತೋಟಗಳಲ್ಲಿ ಮಳೆಗೆ ಕಾಯದೆ ನೀರು ಹೊಡೆದು ಹೂ ಬರಿಸುತ್ತಾರೆ. ಅಲ್ಲಿ ಫೆಬ್ರವರಿಯಲ್ಲೇ ಬಿಳಿ ಕಾಣಿಸುವುದುಂಟು.

ಬೇಸಿಗೆ ಮಳೆ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಈ ತೋಟ ನೆನೆದಿದ್ದರೆ ಪಕ್ಕದ ತೋಟ ಒಣಗಿಯೇ ಇರುತ್ತದೆ. ಹಾಗಾಗಿ ಒಂದು ಇಳಿಜಾರು ಪೂರ್ತಿ ಬಿಳಿ, ಎದುರಿನದು ಕಡು ಹಸಿರು. ನನಗೆ ಬೇಕಾದ ದೃಶ್ಯ ಇದೇ. ರಸ್ತೆಯ ತಿರುವಿನಲ್ಲಿ ಎತ್ತರದ ಜಾಗ ಹುಡುಕಿ, ಎರಡೂ ಇಳಿಜಾರು ಒಂದೇ ಚೌಕಟ್ಟಿಗೆ ಬರುವಂತೆ ನಿಲ್ಲುತ್ತೇನೆ. ಸಿಲ್ವರ್ ಓಕ್ ಮರಗಳ ನೆಟ್ಟನೆಯ ಕಾಂಡಗಳು ಚಿತ್ರವನ್ನು ತಾವೇ ಪಾಲು ಮಾಡಿಕೊಡುತ್ತವೆ. ತೆಳು ಮೋಡ ಇದ್ದ ಬೆಳಿಗ್ಗೆ ಬೇಕು, ಎಂಟು ಗಂಟೆಯೊಳಗೆ ಮುಗಿಸಬೇಕು. ಬಿಸಿಲು ಏರಿದರೆ ನೆರಳಿನ ಮರದಡಿ ಹೂವಿನ ಮೇಲೆ ಚುಕ್ಕಿ ಚುಕ್ಕಿ ಬೆಳಕು ಬಿದ್ದು ಎಲ್ಲ ಕೆಡುತ್ತದೆ. ಕಡು ಹಸಿರಿನ ನಡುವೆ ಬಿಳಿ ಇದ್ದಾಗ ಕ್ಯಾಮೆರಾ ಕತ್ತಲೆ ಜಾಸ್ತಿ ಅಂದುಕೊಂಡು ಬೆಳಕು ಹೆಚ್ಚಿಸುತ್ತದೆ. ಆಗ ಎಸಳುಗಳ ಗೆರೆಯೇ ಅಳಿಸಿಹೋಗುತ್ತದೆ. ಅದಕ್ಕೇ ಎಕ್ಸ್‌ಪೋಷರ್ ಅನ್ನು ಅರ್ಧದಿಂದ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ, ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲ್‌ನಲ್ಲಿ ತೆಗೆಯುತ್ತೇನೆ. ನೆರಳಿನ ಭಾಗವನ್ನು ಆಮೇಲೆ ಎತ್ತಬಹುದು. ಸುಟ್ಟುಹೋದ ಬಿಳಿಯನ್ನು ಮರಳಿ ತರಲಾಗದು. ಮತ್ತೆ, ಕೇಳದೆ ತೋಟದೊಳಗೆ ಕಾಲಿಡಬೇಡಿ. ಹೂವಿನ ಸಮಯದಲ್ಲಿ ಗಿಡಕ್ಕೆ ಮೈ ತಾಗಿದರೂ ಬೆಳೆಗಾರರಿಗೆ ನಷ್ಟ.

ಇದೇ ತಿಂಗಳುಗಳಲ್ಲಿ ದೂರದ ಬೆಟ್ಟ ತೆಗೆಯಲು ಹೋಗುವುದಿಲ್ಲ. ಗಾಳಿಯಲ್ಲಿ ದೂಳು, ಹೊಗೆ ತುಂಬಿ ಬೆಟ್ಟಗಳೆಲ್ಲ ಮಸಕು. ಬದಲಿಗೆ ಹತ್ತಿರದ ಬಣ್ಣ ಹುಡುಕುತ್ತೇನೆ. ತೋಟಗಳಲ್ಲಿ ಹಾಲುವಾಣದ ಕೆಂಪು ಹೂ, ಭದ್ರಾ ಕಾಡಿನ ಒಣ ಭಾಗದಲ್ಲಿ ಮುತ್ತುಗ, ಮಾರ್ಚ್‌ನಲ್ಲಿ ಸಾಗಡೆ ಮರದ ಕೆಂಪು ಚಿಗುರು. ಗುಡುಗು ಮಳೆ ಬಂದುಹೋದ ಸಂಜೆ ಮಾತ್ರ ಎಲ್ಲ ಬಿಟ್ಟು ಎತ್ತರಕ್ಕೆ ಓಡಬೇಕು. ಆಗ ಗಾಳಿ ತೊಳೆದು, ಬೇಸಿಗೆಯಲ್ಲೇ ಅಪರೂಪವಾದ ತಿಳಿ ಬೆಳಕು ಒಂದು ಗಂಟೆ ಸಿಗುತ್ತದೆ.

ಇನ್ನು ದೊಡ್ಡ ಮಳೆ. ನಮ್ಮ ಕಡೆ ಹಿರಿಯರು ಜೂನ್, ಜುಲೈ ಅನ್ನುವುದಿಲ್ಲ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಅನ್ನುತ್ತಾರೆ. ಫೋಟೋ ತೆಗೆಯುವವನಿಗೂ ಇದು ಒಳ್ಳೆಯ ಲೆಕ್ಕವೇ. ಮೃಗಶಿರದಲ್ಲಿ ಗುಡ್ಡದ ಹುಲ್ಲು ಆಗಷ್ಟೇ ಚಿಗುರಿ ಎಳೆ ಹಸಿರು. ಪುಷ್ಯದ ಹೊತ್ತಿಗೆ ಮಲೆನಾಡಿನ ಗದ್ದೆಗಳಲ್ಲಿ ನೀರು ನಿಂತು, ನಾಟಿಗೆ ಮುಂಚೆ ಆಕಾಶವನ್ನೆಲ್ಲ ಹಿಡಿದುಕೊಂಡಿರುತ್ತವೆ. ಗದ್ದೆ ಒಂದರ ಕೆಳಗೊಂದು ಇಳಿಯುವ ಕಡೆ, ಮೋಡದ ನಡುವೆ ಐದು ನಿಮಿಷ ಬೆಳಕು ಬಂದರೂ ಸಾಕು. ನಾಟಿ ಮಾಡುವವರನ್ನು ತೆಗೆಯಬೇಕಾದರೆ ಮೊದಲು ಬದುವಿನ ಮೇಲೆ ಕೂತು ಮಾತಾಡಿಸುತ್ತೇನೆ. ಅವರು ಹೂಂ ಅಂದ ಮೇಲಷ್ಟೇ ಕ್ಯಾಮೆರಾ ಹೊರಗೆ.

ಈ ಕಾಲದಲ್ಲಿ ನನ್ನ ನಿಜವಾದ ವಿಷಯ ಮಂಜು. ಮಂಜಿನಲ್ಲಿ ಕ್ಯಾಮೆರಾ ಉಲ್ಟಾ ಮಾಡುತ್ತದೆ. ಬೆಳ್ಳಗಿರುವುದನ್ನೆಲ್ಲ ಬೂದು ಮಾಡಿಬಿಡುತ್ತದೆ. ಕಾಫಿ ಹೂವಿಗೆ ಇಳಿಸಿದ್ದನ್ನು ಇಲ್ಲಿ ಏರಿಸಬೇಕು, ಮುಕ್ಕಾಲಿನಿಂದ ಒಂದು ಸ್ಟಾಪ್ ತನಕ. ಬರೀ ಮಂಜು ತೆಗೆದರೆ ಬಿಳಿ ಹಾಳೆ. ಮುಂದೆ ಗಟ್ಟಿಯಾದದ್ದೊಂದು ಇರಬೇಕು: ಒಂಟಿ ಮರ, ಕರಿಕಲ್ಲು, ಬೇಲಿಯ ಗೂಟ. ಬಿಸಿಲೆಯ ವೀಕ್ಷಣಾ ಜಾಗದಲ್ಲಿ ಕುಮಾರ ಪರ್ವತದ ಸಾಲು ತೆರೆದುಕೊಳ್ಳಲಿ ಅಂತ ಕಾಯುವಾಗ ಹತ್ತಿರದ ಮರದ ತುದಿಗಳ ಮೇಲೆ ಫೋಕಸ್ ಇಟ್ಟಿರುತ್ತೇನೆ. ಅಲ್ಲಿ ಮೋಡ ಸರಿದು ಮತ್ತೆ ಮುಚ್ಚುವುದಕ್ಕೆ ಅರ್ಧ ನಿಮಿಷವೂ ಬೇಡ. ಆ ಗಡಿಬಿಡಿಯಲ್ಲಿ ಫೋಕಸ್ ಹುಡುಕುತ್ತಾ ಕೂತರೆ ಆಯ್ತು.

ಸಾಮಾನಿನ ವಿಷಯ ಚುಟುಕಾಗಿ ಹೇಳುತ್ತೇನೆ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹೊದಿಕೆ, ಲೆನ್ಸಿಗೆ ಹುಡ್, ಕೈಗೆ ಉದ್ದ ಹಿಡಿಯ ಕೊಡೆ, ಜೇಬಿನಲ್ಲಿ ಎರಡು ಮೂರು ಹತ್ತಿ ಬಟ್ಟೆ. ಕಾರಿನ ಏಸಿಯಿಂದ ಸೀದಾ ಹೊರಗೆ ತಂದರೆ ಗಾಜಿಗೆ ಹನಿ ಕಟ್ಟುತ್ತದೆ. ಅದಕ್ಕೇ ಕೊನೆಯ ಕಾಲು ಗಂಟೆ ಕಿಟಕಿ ಇಳಿಸಿಕೊಂಡೇ ಹೋಗುವುದು. ಮನೆಗೆ ಬಂದ ಮೇಲೆ ಒದ್ದೆ ಬ್ಯಾಗಿನಲ್ಲಿ ಲೆನ್ಸ್ ಬಿಡಬೇಡಿ. ನಮ್ಮ ತೇವಕ್ಕೆ ಗಾಜಿನೊಳಗೆ ಬೂಷ್ಟು ಹಿಡಿಯುವುದು ಬಹಳ ಬೇಗ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಇಷ್ಟು ಸಾಕು. ಕಾಡಿನ ಜಿಗಣೆ ಉಂಬಳಕ್ಕೆ ಕಾಲಿಗೆ ನಶ್ಯದ ಪುಡಿ ಅಥವಾ ಉಪ್ಪು.

ಜಲಪಾತಕ್ಕೆ ಎಲ್ಲರೂ ಜುಲೈನಲ್ಲಿ ಹೋಗುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆಗ ನೀರು ಕೆಂಪು ಮಣ್ಣು ಹೊತ್ತುಕೊಂಡು ಬರುತ್ತದೆ, ಹತ್ತಿರ ನಿಂತರೆ ಲೆನ್ಸ್ ತುಂಬ ಹನಿ, ಬಂಡೆಗಳು ನೀರಿನಡಿ ಮುಚ್ಚಿಹೋಗಿ ಆಕಾರವೇ ಇರುವುದಿಲ್ಲ. ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಹೋಗಿ ನೋಡಿ. ನೀರು ತಿಳಿಯಾಗಿರುತ್ತದೆ, ಬಂಡೆಯ ಮೇಲೆ ಪಾಚಿ ಹಸಿರಾಗಿರುತ್ತದೆ, ಕಲ್ಲತ್ತಿಗಿರಿಯಲ್ಲಿ ನೀರು ಕವಲೊಡೆದು ಇಳಿಯುವುದು ಸ್ಪಷ್ಟ ಕಾಣುತ್ತದೆ. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ತಿರುಗಿಸಿದರೆ ಒದ್ದೆ ಎಲೆ, ಬಂಡೆಯ ಹೊಳಪು ಇಳಿದು ಒಳಗಿನ ಬಣ್ಣ ಬರುತ್ತದೆ. ಅದು ಬೆಳಕನ್ನೂ ಒಂದೂವರೆ ಸ್ಟಾಪ್‌ನಷ್ಟು ತಿನ್ನುವುದರಿಂದ ಷಟರ್ ನಿಧಾನ ಮಾಡಲು ಅನುಕೂಲವೇ ಆಯ್ತು. ಸೆಕೆಂಡಿನ ಕಾಲು ಭಾಗ ನನಗೆ ಇಷ್ಟ. ಅದಕ್ಕಿಂತ ಜಾಸ್ತಿ ಮಾಡಿದರೆ ನೀರು ನೀರಾಗಿ ಕಾಣುವುದಿಲ್ಲ. ಕಾಮನಬಿಲ್ಲು ಬಿದ್ದಿದ್ದರೆ ಮಾತ್ರ ಪೋಲರೈಸರ್ ಬಿಚ್ಚಿಡಿ, ಅದು ಬಿಲ್ಲನ್ನೇ ಅಳಿಸಬಹುದು. ಚಾರ್ಮಾಡಿ ಘಾಟಿಯ ರಸ್ತೆಬದಿ ಝರಿಗಳನ್ನು ರಸ್ತೆಯಲ್ಲೇ ನಿಂತು ತೆಗೆಯಿರಿ. ಅಲ್ಲಿನ ಬಂಡೆ ಹತ್ತಿ ಜಾರಿದವರ ಸುದ್ದಿ ಪ್ರತಿ ಮಳೆಗಾಲ ಓದುತ್ತೇವೆ, ಅಲ್ವಾ.

2022ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಚಂದ್ರದ್ರೋಣ ಬೆಟ್ಟಗಳ ಇಳಿಜಾರು ಗುರಿಗೆ ಹೂವಿನಿಂದ ನೀಲಿಯಾಯಿತು. ಗುರಿಗೆಯಲ್ಲಿ ಹಲವು ಜಾತಿ, ಒಂದೊಂದರ ವರ್ಷಗಳ ಲೆಕ್ಕ ಬೇರೆ. ಹೆಸರಾದ ನೀಲಕುರಿಂಜಿಯದು ಹನ್ನೆರಡು ವರ್ಷ. ಆ ನೀಲಿ ನಡು ಮಧ್ಯಾಹ್ನದ ಬಿಸಿಲಿನಲ್ಲಿ ಸತ್ತೇ ಹೋಗುತ್ತದೆ. ಮೋಡ ಕವಿದ ಬೆಳಿಗ್ಗೆ, ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಅನ್ನು ಹಗಲು ಬೆಳಕಿಗೆ ಕಟ್ಟಿಟ್ಟು ತೆಗೆದ ಚಿತ್ರಗಳಲ್ಲಷ್ಟೇ ಕಣ್ಣು ಕಂಡ ಬಣ್ಣ ಉಳಿಯಿತು. ಆಗ ಜನ ಗಿಡ ತುಳಿದು ಒಳಗೆ ಹೋಗಿ ಸೆಲ್ಫಿ ತೆಗೆದುಕೊಳ್ಳುವುದನ್ನು ನೋಡಿ ಹೊಟ್ಟೆ ಉರಿಯಿತು. ಈ ಗಿಡ ಬಾಳಿನಲ್ಲಿ ಒಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಒಣಗುತ್ತದೆ. ಹೂ ಕಿತ್ತರೆ ಅದರ ಮುಂದಿನ ತಲೆಮಾರನ್ನೇ ಕಿತ್ತ ಹಾಗೆ. ದಾರಿಯ ಅಂಚಿನಲ್ಲಿ ಮಂಡಿಯೂರಿ, ವೈಡ್ ಲೆನ್ಸ್‌ನಲ್ಲಿ ಹತ್ತಿರದ ಹೂಗೊಂಚಲು, ಹಿಂದೆ ಬೆಟ್ಟ ಇಟ್ಟುಕೊಂಡರೆ ಒಂದು ಹೆಜ್ಜೆಯೂ ಒಳಗಿಡಬೇಕಿಲ್ಲ.

ಚಳಿಗಾಲ ಬಂದರೆ ಲೆನ್ಸ್ ಬದಲಾಗುತ್ತದೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ತಣ್ಣನೆಯ ಗಾಳಿ ಕಣಿವೆಯಲ್ಲಿ ಕೂತು, ಮೋಡ ಕೆಳಗೆ, ನಾವು ಮೇಲೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಸಾಲು ಬಾಗಿ ಜಾಗರ ಕಣಿವೆಯನ್ನು ಸುತ್ತುವರಿದಿದೆ. ಅಲ್ಲಿ ವೈಡ್ ಲೆನ್ಸ್ ಹಾಕಿದರೆ ಬೆಟ್ಟಗಳು ಕುಗ್ಗಿ ಗೆರೆಗಳಾಗುತ್ತವೆ. ನಾನು ದೂರದ್ದನ್ನು ಹತ್ತಿರ ತರುವ 70-200 ಜೂಮ್ ಲೆನ್ಸ್ ಹಾಕಿ ಒಂದರ ಹಿಂದೊಂದು ನಿಂತ ಸಾಲುಗಳನ್ನಷ್ಟೇ ಹಿಡಿಯುತ್ತೇನೆ. ಎದುರು ಬೆಳಕಿನಲ್ಲಿ ಪ್ರತಿ ಸಾಲೂ ತನ್ನ ಮುಂದಿರುವುದಕ್ಕಿಂತ ತಿಳಿಯಾಗುತ್ತಾ ಹೋಗುತ್ತದೆ. ಮೇಲೆ ಗಾಳಿ ಜೋರು, ಟ್ರೈಪಾಡ್‌ಗೆ ಬ್ಯಾಗ್ ನೇತುಹಾಕಿ ಭಾರ ಕೊಡಿ. ಒಂಬತ್ತು ಗಂಟೆ ದಾಟಿದರೆ ಮಂಜು ಮೇಲೆದ್ದು ಎಲ್ಲ ಸಪ್ಪೆ. ಆಗ ತಿರುಗಿ ಶೋಲಾ ಕಾಡು ನೋಡಿ. ಒಣಗಿ ಹೊಂಬಣ್ಣವಾದ ಹುಲ್ಲಿನ ಗುಡ್ಡ, ಅದರ ಮಡಿಕೆಗಳಲ್ಲಿ ಮಾತ್ರ ಕಪ್ಪು ಹಸಿರು. ಜನವರಿಯಷ್ಟು ಚೆನ್ನಾಗಿ ಈ ಎರಡು ಬಣ್ಣ ಬೇರೆಬೇರೆಯಾಗಿ ಬೇರೆ ಯಾವ ತಿಂಗಳಲ್ಲೂ ಕಾಣುವುದಿಲ್ಲ.

ಬೆಳಗಿನ ಜಾವದ ಓಡಾಟಕ್ಕೆ ಒಂದು ಎಚ್ಚರಿಕೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆಗಳು ತೋಟದಲ್ಲೇ ಇರುತ್ತವೆ. ಕತ್ತಲಿರುವಾಗ ತೋಟದ ದಾರಿಯಲ್ಲಿ ನಡೆದು ಹೋಗಬೇಡಿ. ಊರಿನವರನ್ನು ಕೇಳಿ, "ಇವತ್ತು ಬೇಡ" ಅಂದರೆ ವಾಪಸ್ ಬನ್ನಿ.

ಬಯಲುಸೀಮೆ ಕಡೆಗೆ ಫೋಟೋಗ್ರಾಫರ್‌ಗಳು ಬರುವುದೇ ಕಡಿಮೆ, ಇದು ನನಗೆ ಬೇಸರದ ವಿಷಯ. ಸಖರಾಯಪಟ್ಟಣದ ಅಯ್ಯನಕೆರೆಗೆ ನವೆಂಬರ್‌ನಲ್ಲಿ ಹೋಗಿ. ಪಕ್ಕದಲ್ಲೇ ಚೂಪಾಗಿ ಎದ್ದು ನಿಂತ ಶಕುನಗಿರಿ, ಕೆಳಗೆ ತುಂಬಿದ ನೀರು. ಬಿಸಿಲೇರಿ ಗಾಳಿ ಶುರುವಾಗುವ ಮೊದಲು ನೀರು ಅಲುಗಾಡದೆ ಇಡೀ ಬೆಟ್ಟ ಮಗುಚಿ ಕಾಣುತ್ತದೆ. ಪ್ರತಿಬಿಂಬ ಯಾವತ್ತೂ ಬೆಟ್ಟಕ್ಕಿಂತ ತುಸು ಕಪ್ಪು, ಆದ್ದರಿಂದ ಆಕಾಶದ ಕಡೆ ಬೆಳಕು ತಗ್ಗಿಸುವ ಗ್ರಾಡ್ ಫಿಲ್ಟರ್ ಉಪಯೋಗಕ್ಕೆ ಬರುತ್ತದೆ. ಮಲೆನಾಡಿನ ಗುಡ್ಡದಲ್ಲಿ ಮಳೆ ಚೆನ್ನಾಗಿ ಆದ ವರ್ಷ ಈ ಕೆರೆ ಕೋಡಿ ಬೀಳುತ್ತದೆ. ಕೋಡಿ ಬಿದ್ದ ಸುದ್ದಿ ಬಂದರೆ ನಾನು ಬೇರೆ ಯೋಜನೆಗಳನ್ನೆಲ್ಲ ಪಕ್ಕಕ್ಕಿಟ್ಟು, ಮರುದಿನದ ಮೊದಲ ಬಸ್ಸಿಗೆ ಕಡೂರು ಕಡೆ ಹೊರಡುತ್ತೇನೆ.