ಕ್ಯಾಂಪರ್‌ವ್ಯಾನ್ ಅಥವಾ ಮೋಟರ್‌ಹೋಮ್: ನಿಮ್ಮ ಅಗತ್ಯಕ್ಕೆ ತಕ್ಕುದನ್ನು ಆರಿಸುವ ಬಗೆ

ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಮಾಡಬಹುದಾದ ವಾಹನವಾದ ಕ್ಯಾಂಪರ್‌ವ್ಯಾನ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಒಳಗೆ ಎಷ್ಟು ಜನ ಮಲಗಬಹುದು, ಏನೇನು ಸೌಲಭ್ಯಗಳಿವೆ ಎಂಬುದನ್ನು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಸಂಜೆ ಐದಕ್ಕೆ ಹಿಡಿದ ಮಳೆ ಮರುದಿನ ಬೆಳಗಿನವರೆಗೂ ಬಿಡದಿದ್ದರೆ, ನಿಮ್ಮೊಂದಿಗೆ ಬಂದವರೆಲ್ಲ ಆ ವಾಹನದೊಳಗೆ ಹೇಗೆ ಕಾಲ ಕಳೆಯುತ್ತೀರಿ? ಒಬ್ಬರು ಒಲೆಯ ಮುಂದೆ ನಿಂತಾಗ ಇನ್ನೊಬ್ಬರು ಎಲ್ಲಿ ಕೂರುತ್ತಾರೆ, ಒದ್ದೆಯಾದ ಬೂಟು, ಕೋಟುಗಳನ್ನು ಎಲ್ಲಿಡುತ್ತೀರಿ, ಮಗು ಮಲಗಿದ ಮೇಲೆ ದೊಡ್ಡವರು ದೀಪ ಹಾಕಿಕೊಂಡು ಕೂರಲು ಜಾಗವಿದೆಯೇ ಎಂಬುದನ್ನೆಲ್ಲ ಯೋಚಿಸಿದರೆ, ನಿಮಗೆ ಬೇಕಾದ ವಾಹನದ ಅಳತೆ ತಾನಾಗಿಯೇ ಸ್ಪಷ್ಟವಾಗತೊಡಗುತ್ತದೆ.

ಹೆಚ್ಚು ಜಾಗ ಬೇಕೆಂದರೆ ದೊಡ್ಡ ವಾಹನ ಬೇಕು. ದೊಡ್ಡದಾದಷ್ಟೂ ಅದನ್ನು ಓಡಿಸುವುದು, ನಿಲ್ಲಿಸುವುದು ಕಷ್ಟ. ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್ ಗಾತ್ರದ ಸಣ್ಣ ಕ್ಯಾಂಪರ್‌ಗಳ ಎತ್ತರ ಸುಮಾರು 2 ಮೀಟರ್. ನಿಂತಲ್ಲಿ ಚಾವಣಿಯನ್ನು ಮೇಲಕ್ಕೆತ್ತಿದರೆ ಒಳಗೆ ನೆಟ್ಟಗೆ ನಿಲ್ಲಬಹುದು, ಇಳಿಸಿದರೆ ಅದು ನಿತ್ಯದ ಕಾರಿನಂತೆಯೇ ಓಡಾಡುತ್ತದೆ. ಆದರೆ ಎತ್ತಿದ ಚಾವಣಿಯ ಬಟ್ಟೆಯ ಗೋಡೆ ಚಳಿಯನ್ನು ಅಷ್ಟಾಗಿ ತಡೆಯುವುದಿಲ್ಲ, ಶೌಚಕ್ಕೆ ಪ್ರತ್ಯೇಕ ಕೋಣೆಯೂ ಇರುವುದಿಲ್ಲ. ಇದರ ಮೇಲಿನ ಹಂತದವು ಫಿಯಟ್ ಡುಕಾಟೊದಂತಹ ಸರಕು ವ್ಯಾನುಗಳನ್ನು ಪರಿವರ್ತಿಸಿ ಮಾಡಿದವು. ಇವುಗಳ ಅಗಲ ಕನ್ನಡಿಗಳನ್ನು ಬಿಟ್ಟು 2.05 ಮೀಟರ್, ಉದ್ದ ಸಾಮಾನ್ಯವಾಗಿ 5.41, 5.99 ಅಥವಾ 6.36 ಮೀಟರ್. ಲೋಹದ ಒಡಲಾದ್ದರಿಂದ ಬಾಳಿಕೆ ಹೆಚ್ಚು, ಕಿರಿದಾದ ರಸ್ತೆಗಳಲ್ಲೂ ಓಡಿಸಬಹುದು.

ಮೋಟರ್‌ಹೋಮ್ ಎಂದು ಕರೆಯುವುದು ಬರಿಯ ಚಾಸಿಯ (ಎಂಜಿನ್, ಚಕ್ರಗಳಿರುವ ಅಡಿಚೌಕಟ್ಟಿನ) ಮೇಲೆ ಮನೆಯ ಭಾಗವನ್ನು ಬೇರೆಯಾಗಿ ಕಟ್ಟಿದ ವಾಹನವನ್ನು. ಇವುಗಳ ಅಗಲ 2.3 ಮೀಟರಿನ ಆಸುಪಾಸಿನಲ್ಲಿರುತ್ತದೆ. ಕಾಗದದ ಮೇಲೆ ಕಾಲು ಮೀಟರಿನ ವ್ಯತ್ಯಾಸ ಅತಿ ಚಿಕ್ಕದಾಗಿ ಕಂಡರೂ, ಒಳಗೆ ಇಬ್ಬರು ಮೈತಾಗದೆ ಒಬ್ಬರನ್ನೊಬ್ಬರು ದಾಟಿ ಹೋಗಬಹುದೇ ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಚಾಲಕನ ತಲೆಯ ಮೇಲೆ ಹಾಸಿಗೆಯಿರುವ ಮಾದರಿ ಮಕ್ಕಳಿರುವ ಕುಟುಂಬಕ್ಕೆ ಅನುಕೂಲ, ಆದರೆ ಎದುರುಗಾಳಿಗೆ ಎದೆಕೊಟ್ಟು ಸಾಗುವುದರಿಂದ ಇಂಧನ ಹೆಚ್ಚು ಕುಡಿಯುತ್ತದೆ. ಅದಿಲ್ಲದ ತಗ್ಗು ಮಾದರಿ ಇಬ್ಬರಿಗೆ ಸಾಕು. ಮುಂಭಾಗವನ್ನೂ ಸೇರಿಸಿ ಬಸ್ಸಿನಂತೆ ಇಡಿಯಾಗಿ ಕಟ್ಟಿದ ಮಾದರಿ ತಿಂಗಳುಗಟ್ಟಲೆ ಒಳಗೇ ವಾಸಿಸುವವರಿಗೆ ಸರಿ. ವರ್ಷಕ್ಕೆ ಎರಡು ವಾರ ಹೊರಡುವವರಿಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ.

ಹಾಸಿಗೆಯನ್ನು ನೋಡಿ ತೀರ್ಮಾನಿಸಬೇಡಿ, ಬೂಟು ಬಿಚ್ಚಿ ಅದರ ಮೇಲೆ ಮಲಗಿ ನೋಡಿ. ವ್ಯಾನುಗಳಲ್ಲಿ ಹಿಂಭಾಗದ ಹಾಸಿಗೆ ಬಹುಪಾಲು ಅಡ್ಡಡ್ಡಲಾಗಿರುತ್ತದೆ. ಗೋಡೆಗಳ ಒಳಹೊದಿಕೆಯನ್ನು ಕಳೆದರೆ ಅಲ್ಲಿ ಉಳಿಯುವ ಉದ್ದ ಎತ್ತರದವರಿಗೆ ಸಾಲುವುದಿಲ್ಲ; ಮೊದಲ ರಾತ್ರಿ ಮೊಣಕಾಲು ಮಡಚಿಕೊಂಡು ಹೇಗೋ ನಿದ್ದೆ ಬಂದರೂ ಐದನೆಯ ರಾತ್ರಿ ಬರುವುದಿಲ್ಲ. ಒಳಬದಿಯಲ್ಲಿ ಮಲಗಿದವರು ನಡುರಾತ್ರಿ ಏಳಬೇಕಾದರೆ ಪಕ್ಕದವರನ್ನು ದಾಟಿಯೇ ಹೋಗಬೇಕು. ಇಬ್ಬರೂ ಸೇರಿ ಮಲಗಿ, ಒಳಗಿನವರು ಎದ್ದು ಕೆಳಗಿಳಿಯುವುದನ್ನು ಮಾರಾಟಗಾರರ ಎದುರೇ ಒಮ್ಮೆ ಮಾಡಿ ನೋಡುವುದರಲ್ಲಿ ಸಂಕೋಚ ಬೇಡ. ಮೊಣಕಾಲು ನೋವಿರುವವರಿಗೆ ಉದ್ದುದ್ದವಾಗಿ ಜೋಡಿಸಿದ ಎರಡು ಒಂಟಿ ಹಾಸಿಗೆಗಳು ಅಥವಾ ಎರಡೂ ಬದಿಯಿಂದ ಇಳಿಯಬಹುದಾದ ನಡುಹಾಸಿಗೆ ಎಷ್ಟೋ ವಾಸಿ. ಪ್ರತಿ ರಾತ್ರಿ ಮೇಜು ಮಡಚಿ, ದಿಂಬು ಜೋಡಿಸಿ ಹಾಸಿಗೆ ಮಾಡಿಕೊಳ್ಳುವ ವ್ಯವಸ್ಥೆ ವಾರಾಂತ್ಯದ ಪ್ರವಾಸಕ್ಕೆ ಹೊರೆಯೆನಿಸದು, ಮೂರು ವಾರದ ಪ್ರಯಾಣಕ್ಕೆ ಮಾತ್ರ ಬೇಸರ ತರಿಸುತ್ತದೆ. ಇನ್ನೊಂದು ಮಾತನ್ನು ಮರೆಯಬಾರದು: ನಾಲ್ವರು ಮಲಗಬಹುದಾದ ವಾಹನದಲ್ಲಿ ಸೀಟ್ ಬೆಲ್ಟ್ ಇಬ್ಬರಿಗಷ್ಟೇ ಇರಬಹುದು. ಹಾಸಿಗೆಗಳ ಜೊತೆಗೆ ಬೆಲ್ಟ್‌ಗಳನ್ನೂ ಎಣಿಸಬೇಕು.

ಇನ್ನು ತೂಕದ ವಿಷಯ. ಕೊಳ್ಳುವವರು ಅತ್ಯಂತ ಹೆಚ್ಚಾಗಿ ಎಡವುವುದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯುರೋಪಿನಲ್ಲಿ ಸಾಮಾನ್ಯ ಕಾರು ಪರವಾನಗಿಯ ತೂಕದ ಮಿತಿ ಬಹುಕಾಲದಿಂದ 3,500 ಕೆ.ಜಿ. ಆಗಿರುವುದರಿಂದ, ಅಲ್ಲಿನ ತಯಾರಕರು ಹೆಚ್ಚಿನ ಮೋಟರ್‌ಹೋಮ್‌ಗಳನ್ನು ಆ ಮಿತಿಯೊಳಗೇ ನೋಂದಾಯಿಸುವಂತೆ ಕಟ್ಟುತ್ತಾರೆ. ವಾಹನ ಎಷ್ಟೇ ದೊಡ್ಡದಾಗಿ ಕಂಡರೂ ಅದು ಹೊರಬಹುದಾದ ಸಾಮಾನು ಮಾತ್ರ ಅಲ್ಪ. ದಾಖಲೆಯಲ್ಲಿ ಚಾಲನಾ ಸ್ಥಿತಿಯ ತೂಕ 3,050 ಕೆ.ಜಿ. ಎಂದಿದ್ದರೆ ಉಳಿಯುವುದು 450 ಕೆ.ಜಿ. ಆ 3,050ರಲ್ಲಿ 75 ಕೆ.ಜಿ. ತೂಕದ ಒಬ್ಬ ಚಾಲಕ ಮತ್ತು ಇಂಧನ ಸೇರಿರುತ್ತವೆ, ಉಳಿದ ಪ್ರಯಾಣಿಕರು ಸೇರಿರುವುದಿಲ್ಲ. ಇನ್ನೂ ಮೂವರು ಹತ್ತಿದರೆ 210, ಬದಿಗೆ ಬಿಗಿದ ನೆರಳುಚಪ್ಪರಕ್ಕೆ 30, ಎರಡು ಎಲೆಕ್ಟ್ರಿಕ್ ಸೈಕಲ್ ಮತ್ತು ಅವುಗಳ ಸ್ಟ್ಯಾಂಡಿಗೆ 65, ಎರಡನೆಯ ಬ್ಯಾಟರಿಗೆ 25, ಸೋಲಾರ್ ಪ್ಯಾನೆಲ್‌ಗೆ 20, ಒಟ್ಟು 350. ಉಳಿದ 100 ಕೆ.ಜಿ.ಯಲ್ಲಿ ನಾಲ್ವರ ಬಟ್ಟೆ, ಹೊದಿಕೆ, ಪಾತ್ರೆ, ದಿನಸಿ, ಕುರ್ಚಿ, ಮೇಜು ಎಲ್ಲವೂ ಬರಬೇಕು. ಇಷ್ಟರ ಮೇಲೆ, 100 ಲೀಟರಿನ ನೀರಿನ ಟ್ಯಾಂಕ್ ಇದ್ದರೂ ಚಾಲನಾ ಸ್ಥಿತಿಯ ತೂಕದ ಲೆಕ್ಕಕ್ಕೆ 20 ಲೀಟರನ್ನಷ್ಟೇ ಹಿಡಿಯುವ ರೂಢಿ ಹಲವು ತಯಾರಕರಲ್ಲಿದೆ. ಟ್ಯಾಂಕ್ ತುಂಬಿಸಿದರೆ ಇನ್ನೂ 80 ಕೆ.ಜಿ. ಹೋಯಿತು.

ಆದ್ದರಿಂದ ಮಾರಾಟದ ಕರಪತ್ರದಲ್ಲಿರುವ ತೂಕವನ್ನು ನಂಬಿ ಮುಂಗಡ ಕೊಡಬೇಡಿ. ಹಳೆಯ ವಾಹನವಾದರೆ ವೇಬ್ರಿಡ್ಜ್‌ಗೆ ಒಯ್ದು, ಒಟ್ಟು ತೂಕವನ್ನೂ ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳ ತೂಕವನ್ನೂ ಬೇರೆಬೇರೆಯಾಗಿ ತೂಗಿಸಿ. ಹಿಂದಿನ ಚಕ್ರಗಳಿಂದಾಚೆಗೆ ಚಾಚಿಕೊಂಡ ಭಾಗದಲ್ಲಿ ಸೈಕಲ್ ನೇತುಹಾಕಿದಾಗ ಏತದ ಕೋಲಿನಂತೆ ಹಿಂಭಾಗ ಕೆಳಗೆ ಜಗ್ಗಿ ಮುಂಭಾಗ ಹಗುರವಾಗುತ್ತದೆ. ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮಿತಿ ಮೀರಿರಬಹುದು, ಸ್ಟೀರಿಂಗ್‌ನ ಹಿಡಿತವೂ ಸಡಿಲಾಗಬಹುದು. ಪರವಾನಗಿಯ ಮಿತಿ ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ನಿಮ್ಮ ಪರವಾನಗಿ ಯಾವ ತೂಕದವರೆಗೆ ಸಲ್ಲುತ್ತದೆ ಎಂಬುದನ್ನು ವಾಹನ ನೋಡಲು ಹೊರಡುವ ಮೊದಲೇ ತಿಳಿದುಕೊಂಡಿರಿ.

ವಿದ್ಯುತ್ತಿನ ವ್ಯವಸ್ಥೆ ಎಷ್ಟಿರಬೇಕೆಂಬುದು ನೀವು ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದನ್ನು ಅವಲಂಬಿಸಿದೆ. ಪ್ಲಗ್ ಸಿಗುವ ಶಿಬಿರತಾಣಗಳಲ್ಲೇ ತಂಗುವವರು ಬ್ಯಾಟರಿಗೆ ಹೆಚ್ಚು ಹಣ ಸುರಿಯಬೇಕಾಗಿಲ್ಲ. ಊರಾಚೆ ಎರಡು ಮೂರು ರಾತ್ರಿ ಕಳೆಯುವವರು ಮಾತ್ರ ಲೆಕ್ಕ ಹಾಕಲೇಬೇಕು. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ದಿನಕ್ಕೆ ಸುಮಾರು 30ರಿಂದ 50 ಆಂಪಿಯರ್-ಅವರ್ (ಬ್ಯಾಟರಿಯ ವಿದ್ಯುತ್ತನ್ನು ಅಳೆಯುವ ಮಾನ) ಎಳೆಯುತ್ತದೆ. 100 ಆಂಪಿಯರ್-ಅವರ್‌ನ ಸೀಸ-ಆಮ್ಲ ಬ್ಯಾಟರಿಯಲ್ಲಿ, ಅದರ ಆಯಸ್ಸು ಕೆಡಬಾರದೆಂದರೆ, ಅರ್ಧದಷ್ಟನ್ನು ಮಾತ್ರ ಬಳಸಬೇಕು. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ. 80ಕ್ಕೂ ಹೆಚ್ಚು ಬಳಸಬಹುದು, ತೂಕವೂ ಅರ್ಧದಷ್ಟೇ. ಆದರೆ ಉಷ್ಣತೆ 0 ಡಿಗ್ರಿಗಿಂತ ಕೆಳಗಿದ್ದಾಗ ಅದನ್ನು ಚಾರ್ಜ್ ಮಾಡಿದರೆ ಕೆಡುತ್ತದೆ. ಚಳಿಯಲ್ಲಿ ತಿರುಗುವವರು ಬ್ಯಾಟರಿಯನ್ನು ವಾಹನದೊಳಗೆ ಬೆಚ್ಚಗಿನ ಜಾಗದಲ್ಲಿ ಇಟ್ಟಿದ್ದಾರೆಯೇ ಎಂದು ನೋಡಬೇಕು. ಗ್ಯಾಸಿನಿಂದಲೂ ನಡೆಯುವ ಅಬ್ಸಾರ್ಪ್ಶನ್ ಫ್ರಿಜ್ ಸದ್ದಿಲ್ಲದೆ ಕೆಲಸ ಮಾಡುತ್ತದೆ, ಆದರೆ ವಾಹನ ಇಳಿಜಾರಿನಲ್ಲಿ ನಿಂತಿದ್ದರೆ ಸರಿಯಾಗಿ ತಣಿಸುವುದಿಲ್ಲ. ಗ್ಯಾಸ್ ಬಳಸುವವರಿಗೆ ಇನ್ನೊಂದು ಎಚ್ಚರ: ಬ್ಯೂಟೇನ್ 0 ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್‌ನ ಕುದಿಬಿಂದು –42 ಡಿಗ್ರಿ. ಚಳಿಗಾಲಕ್ಕೆ ಪ್ರೊಪೇನ್ ಬೇಕು.

ಶೌಚದ ಕ್ಯಾಸೆಟ್ ಟ್ಯಾಂಕ್ (ಹೊರತೆಗೆದು ಖಾಲಿ ಮಾಡುವ ತ್ಯಾಜ್ಯದ ಪೆಟ್ಟಿಗೆ) ಸುಮಾರು 17ರಿಂದ 20 ಲೀಟರ್ ಹಿಡಿಯುತ್ತದೆ. ಇಬ್ಬರಿಗೆ ಎರಡು ಮೂರು ದಿನ ಸಾಕು. ಸ್ನಾನದ ಕೋಣೆ ಬೇಕೇ ಎಂಬುದು ಅವರವರ ಅಭ್ಯಾಸಕ್ಕೆ ಬಿಟ್ಟದ್ದು.

ಕೊಳ್ಳುವ ಮೊದಲು ಅದೇ ವಿನ್ಯಾಸದ ವಾಹನವನ್ನು ಮೂರು ರಾತ್ರಿಯ ಮಟ್ಟಿಗಾದರೂ ಬಾಡಿಗೆಗೆ ಪಡೆಯಿರಿ. ಹವಾಮಾನ ಚೆನ್ನಾಗಿರುವ ದಿನಗಳನ್ನೇ ಹುಡುಕಬೇಡಿ. ಕಿಟಕಿಯ ಒಳಬದಿಯಲ್ಲಿ ಬೆಳಗಿನ ಹೊತ್ತು ಎಷ್ಟು ನೀರು ಕಟ್ಟುತ್ತದೆ, ಹೀಟರಿನ ಸದ್ದಿಗೆ ನಿದ್ದೆ ಕೆಡುತ್ತದೆಯೇ ಎಂಬುದು ತಿಳಿಯುವುದು ಚಳಿಯಲ್ಲಿಯೇ.

ಹಳೆಯ ಮೋಟರ್‌ಹೋಮ್ ಕೊಳ್ಳುವುದಾದರೆ ಎಂಜಿನ್ನಿಗಿಂತ ಮೊದಲು ಗೋಡೆಗಳನ್ನು ಪರೀಕ್ಷಿಸಿ. ಎಂಜಿನ್ನನ್ನು ರಿಪೇರಿ ಮಾಡಬಹುದು. ಜೋಡಣೆಗಳ ಸಂದಿಯಿಂದ ಇಳಿದ ನೀರು ಒಳಗಿನ ಮರದ ಚೌಕಟ್ಟನ್ನು ಕೊಳೆಯಿಸಿದ್ದರೆ ಗೋಡೆಯನ್ನೇ ಬಿಚ್ಚಿ ಕಟ್ಟಬೇಕಾಗುತ್ತದೆ. ಬಾಗಿಲು ತೆರೆದ ಕೂಡಲೇ ಮುಗ್ಗಲು ವಾಸನೆ ಬರುತ್ತದೆಯೇ ಗಮನಿಸಿ. ಒಳಗೆ ಹೊಸದಾಗಿ ಸುಗಂಧ ಸಿಂಪಡಿಸಿದ್ದರೆ ಕಪಾಟುಗಳ ಬಾಗಿಲು ತೆರೆದು ಮೂಸಿ ನೋಡಿ. ಕಿಟಕಿಗಳ ಕೆಳಮೂಲೆ, ಚಾವಣಿಯ ಕಿಂಡಿಯ ಸುತ್ತ, ಹಿಂದಿನ ಗೋಡೆ ನೆಲಕ್ಕೆ ಸೇರುವ ಜಾಗ, ಇಲ್ಲೆಲ್ಲ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ತೇವಮಾಪಕ ಸಿಕ್ಕರೆ ಇನ್ನೂ ಒಳ್ಳೆಯದು, ಶೇ. 15ರವರೆಗೆ ಚಿಂತೆಯಿಲ್ಲ, ಶೇ. 20 ದಾಟಿದರೆ ತಜ್ಞರಿಗೆ ತೋರಿಸಬೇಕು. ಟೈರಿನ ಪಕ್ಕದ ಗೋಡೆಯ ಮೇಲಿರುವ ನಾಲ್ಕಂಕಿಯ ಸಂಖ್ಯೆಯನ್ನೂ ಓದಿ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಮೋಟರ್‌ಹೋಮ್‌ಗಳು ಓಡುವುದಕ್ಕಿಂತ ನಿಂತಿರುವುದೇ ಹೆಚ್ಚಾದ್ದರಿಂದ, ಮೇಲೆ ಹೊಸದರಂತೆ ಕಾಣುವ ಟೈರು ವಯಸ್ಸಿನಿಂದಲೇ ಸೀಳು ಬಿಟ್ಟಿರಬಹುದು. ಟೈರನ್ನು ಬದಲಾಯಿಸಿಕೊಳ್ಳಬಹುದು, ಅದರ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಬಹುದು. ಆದರೆ ಒತ್ತಿದ ಗೋಡೆ ಹೆಬ್ಬೆರಳಿಗೆ ಮೆತ್ತಗೆ ಒಳಹೋದರೆ, ಬೆಲೆ ಎಷ್ಟೇ ಇಳಿಸಿದರೂ ಆ ವಾಹನವನ್ನು ಬಿಟ್ಟು ಬನ್ನಿ.