ಟೈಮ್‌ಶೇರ್ ವಾರ ಬದಲಿ ಮಾಡೋ ಕಂಪನಿ ಆರಿಸೋ ಮುಂಚೆ ಇಷ್ಟು ನೋಡ್ರಿ

ಟೈಮ್‌ಶೇರ್ ಅಂದ್ರ ರೆಸಾರ್ಟಿನಾಗ ವರ್ಷಕ್ಕ ಒಂದು ವಾರ ಇರೂ ಹಕ್ಕು ಕೊಂಡುಕೊಳ್ಳೂದು. ಗೋವಾದಾಗ ಅಂಥಾ ಒಂದು ವಾರ ತಗೊಂಡೀರಿ, ಅದನ್ನ ಕೊಟ್ಟು ಮನಾಲಿಗೆ ಹೋಗಬೇಕು ಅಂತೀರಿ. ಹಂಗಾದ್ರ ಮೊದಲು ನಿಮ್ಮ ರೆಸಾರ್ಟಿಗೆ ಫೋನ್ ಮಾಡಿ, ಯಾವ ಎಕ್ಸ್‌ಚೇಂಜ್ ಕಂಪನಿ ಜೋಡಿ ಕರಾರು ಐತಿ ಅಂತ ಕೇಳ್ರಿ. 1974ರಾಗ ಶುರುವಾದ ಆರ್‌ಸಿಐ, 1976ರ ಇಂಟರ್‌ವಲ್ ಇಂಟರ್‌ನ್ಯಾಷನಲ್, ಇವೆರಡೂ ದೊಡ್ಡವು. ಕರಾರು ಇಲ್ಲದ ರೆಸಾರ್ಟಿನ ವಾರ ಸಣ್ಣ ಸ್ವತಂತ್ರ ಕಂಪನಿಗೆ ಕೊಡಬಹುದು, ಆದ್ರ ಅಲ್ಲಿ ಆರಿಸಾಕ ರೆಸಾರ್ಟ್ ಕಡಿಮಿ.

ಮುಖ್ಯ ಪ್ರಶ್ನೆ ಇದು: ವಾರ ಮೊದಲು ಜಮಾ ಮಾಡಬೇಕೋ (ಅಂದ್ರ ಕಂಪನಿಗೆ ಒಪ್ಪಿಸಬೇಕೋ), ಬೇಕಾದ ಜಾಗ ಸಿಕ್ಕ ಮ್ಯಾಲೆ ಕೊಟ್ಟರ ನಡೀತದೋ? ಜಮಾ ಮಾಡಿದ ವಾರ ಸಾಮಾನ್ಯವಾಗಿ ವಾಪಸ್ ಬರೂದಿಲ್ಲ. ಬದಲಿ ಸಿಗಲಿಲ್ಲಂದ್ರ ಅವಧಿ ಮುಗಿದು ವಾರ ಹಾಳಾಗ್ತದ, ರೆಸಾರ್ಟಿಗೆ ವರ್ಷಾ ಕಟ್ಟೋ ಮೆಂಟೇನನ್ಸ್ ರೊಕ್ಕ ಮಾತ್ರ ಕಟ್ಟಿರ್ತೀರಿ. ಅದಕ್ಕ ಜಮಾದ ಅವಧಿ, ಅದನ್ನ ಮುಂದುವರಿಸಾಕ ಎಷ್ಟು ರೊಕ್ಕ, ಎರಡೂ ಬರವಣಿಗಿಯಾಗ ತಗೋರಿ.

ಬದಲಿಯಾಗ ನಿಮ್ಮ ವಾರದ ಬೆಲೆ ಸೀಸನ್, ಖೋಲಿ ಗಾತ್ರ, ಎಷ್ಟು ಮುಂಚೆ ಕೊಟ್ಟೀರಿ ಅನ್ನೂದರ ಮ್ಯಾಲೆ ನಿಂತದ. ಡಿಸೆಂಬರ್ ಕಡೀ ವಾರದ ಗೋವಾಕ್ಕ ತೂಕ ಐತಿ, ಜುಲೈ ಮಳಿಗಾಲದ ವಾರಕ್ಕ ಮೇ ತಿಂಗಳ ಮನಾಲಿ ಸಿಗೂದು ಕಷ್ಟ. 9ರಿಂದ 12 ತಿಂಗಳು ಮುಂಚೆ ಜಮಾ ಮಾಡ್ರಿ, ಕಡೀ ಎರಡು ತಿಂಗಳೊಳಗ ಕೊಟ್ಟರ ಬೆಲೆ ಬೀಳ್ತದ. ಸಾಲಿ ಸೂಟಿ ಏಪ್ರಿಲ್-ಮೇ, ದಸರಾದಾಗ ಎಲ್ಲಾರೂ ಕೇಳ್ತಾರ.

ಖರ್ಚು ಕೂಡಿಸಿ ನೋಡ್ರಿ: ವರ್ಷದ ಸದಸ್ಯತ್ವ, ಪ್ರತಿ ಬದಲಿ ಫೀ, ಬ್ಯಾರೆಯವರನ್ನ ಕಳಿಸಿದ್ರ ಗೆಸ್ಟ್ ಸರ್ಟಿಫಿಕೇಟ್ ಫೀ. ಕೆಲವು ರೆಸಾರ್ಟ್ ಊಟದ ರೊಕ್ಕ ಕಡ್ಡಾಯ ಹಾಕ್ತಾವ. ಮೆಂಟೇನನ್ಸ್ ಬಾಕಿ ಇದ್ರ ವಾರ ಜಮಾನೇ ಆಗೂದಿಲ್ಲ.