ಕನ್ನಡ ಲಿಪಿಯಲ್ಲೇ ಸ್ಪ್ಯಾನಿಶ್ ಕ್ರಿಯಾಪದ: ನನ್ನ ಅನುಭವ

ಸ್ಪ್ಯಾನಿಶ್ ಕ್ಲಾಸಲ್ಲಿ ಕನ್ನಡ ಅಕ್ಷರ ಬರೆಸಿದರೆ ಉಚ್ಚಾರಣೆ ಕೆಟ್ಟು ಕೆರ ಹಿಡಿಯುತ್ತೆ ಅಂತ ಜೊತೆಯ ಮೇಷ್ಟ್ರುಗಳು ನಕ್ಕಿದ್ದರು. ಈಗ ಅವರಲ್ಲೇ ಒಂದಿಬ್ಬರು ಕನ್ನಡದಲ್ಲಿ ಬರೆದ ನನ್ನ ಕ್ರಿಯಾಪದ ಪಟ್ಟಿಯ ಜೆರಾಕ್ಸ್ ಕೇಳಿಕೊಂಡು ಬಂದಿದ್ದಾರೆ.

ಸ್ಪ್ಯಾನಿಶ್ ಪದದಲ್ಲಿ ಒಂದು ಅಕ್ಷರವನ್ನು ಅಮುಕಿ ಹೇಳುವುದೇ ಒತ್ತು. ಅದು ಎಲ್ಲಿ ಬೀಳುತ್ತೆ ಅನ್ನುವ ನಿಯಮ ನನ್ನ ಹುಡುಗರಿಗೆ ಬಾಯಿಪಾಠ. ಮಾತಾಡುವಾಗ ಮಾತ್ರ ಬರುತ್ತಿರಲಿಲ್ಲ. ಚಪ್ಪಾಳೆ ತಟ್ಟಿಸಿದೆ, ತಾಳ ಬಡಿಯುವ ಮೆಟ್ರೊನೋಮ್ ಇಟ್ಟೆ. ಬಣ್ಣದ ಫ್ಲ್ಯಾಷ್‌ಕಾರ್ಡ್ ಅಚ್ಚು ಹಾಕಿಸಲು ಆರೇಳು ಸಾವಿರ ಹೋಯಿತು, ಒಂದು ಆ್ಯಪ್‌ನ ವರ್ಷದ ಚಂದಾಕ್ಕೆ ಮೂರು ಸಾವಿರದ ಹತ್ತಿರ. ಆ ಆ್ಯಪ್ ಹೇಗೆ ಹೇಳಿದರೂ ಸರಿ ಅಂತ ಹಸಿರು ತೋರಿಸುತ್ತಿತ್ತು!

ನಮ್ಮ ಕಿವಿಗೆ ಒತ್ತಿಗಿಂತ ದೀರ್ಘ ಬೇಗ ಕೇಳಿಸುತ್ತೆ. ಅದಕ್ಕೇ ಒತ್ತು ಬೀಳುವಲ್ಲೆಲ್ಲ ದೀರ್ಘ ಬರೆಸಿದೆ. ಆ-ಬ್ಲೊ ಅಂದರೆ ನಾನು ಮಾತಾಡುತ್ತೇನೆ, ಅ-ಬ್ಲೋ ಅಂದರೆ ಅವನು ಮಾತಾಡಿದ. 'ಮಾತಾಡಿದರೆ' ಅನ್ನುವಲ್ಲಿ ಬರುವ ಅ-ಬ್ಲಾ-ರ, 'ಮಾತಾಡುವನು' ಅನ್ನುವ ಅ-ಬ್ಲ-ರಾ ಕೂಡ ಬೇರೆಯಾದವು. ಹೋದ ಬ್ಯಾಚಿನ ಹದಿನೈದು ಚಿಲ್ಲರೆ ಜನರಲ್ಲಿ ಮುಕ್ಕಾಲು ಪಾಲು ಒಂದು ತಿಂಗಳೊಳಗೆ ದಾರಿಗೆ ಬಂದರು.

ಪದವನ್ನು ಉಚ್ಚಾರದ ತುಂಡುಗಳಾಗಿ, ಅಂದರೆ ಅಕ್ಷರಗಳಾಗಿ ಬಿಡಿಸುವ ಅರ್ಧ ಕೆಲಸ ನಮ್ಮ ಲಿಪಿಯೇ ಮಾಡುತ್ತೆ. ಬ್ಲ, ತ್ರ ಸ್ಪ್ಯಾನಿಶ್‌ನಲ್ಲೂ ಒಡೆಯುವುದಿಲ್ಲ. ಕೈ ಕೊಡುವುದು ಸಕಾರ: 'ನಾನು ಓದುತ್ತೇನೆ' ಅನ್ನುವುದು ಎ-ಸ್ತೂ-ದ್ಯೊ ಅಲ್ಲ, ಎಸ್-ತೂ-ದ್ಯೊ. ಶಾಲೆಯಲ್ಲಿ ಪ್ರಸ್ತಾರ ಹಾಕಿ ಪಳಗಿದವರದು ಬೇರೆ ಕಾಟ. ಒತ್ತಕ್ಷರದ ಹಿಂದಿನದು ಗುರು ಅಂತ ಅ-ಬ್ಲ-ರಾದಲ್ಲಿ ಮೊದಲ ಅಕ್ಷರವನ್ನೇ ಅಮುಕುತ್ತಾರೆ.

ಬೆವರಿಳಿಸಿದ್ದು ಮಾತ್ರ ಎರಡು ಸ್ವರ ಪಕ್ಕಪಕ್ಕ ಬರುವ ರೂಪಗಳು. 'ಬದಲಾಯಿಸು' ಅನ್ನುವ ಕಂಬ್ಯಾರ್‌ನಿಂದ ಕಾಂ-ಬ್ಯೊ, ಎರಡೇ ಅಕ್ಷರ. 'ಕಳಿಸು' ಅನ್ನುವ ಎಂಬ್ಯಾರ್‌ನಿಂದ ಎಂ-ಬೀ-ಒ, ಮೂರು. ಮೂಲರೂಪ ನೋಡಿ ಯಾವುದು ಯಾವ ಗುಂಪಿಗೆ ಅಂತ ಹೇಳಲಾಗದು, ಉರು ಹೊಡೆಯಲೇಬೇಕು. 'ನಾವು ಓದಿದೆವು' ಅನ್ನುವ ಲೆ-ಈ-ಮೊಸ್ ಬಂದರೆ ನಮ್ಮ ನಾಲಿಗೆ ತಾನಾಗಿ ಯಕಾರಾಗಮ ಮಾಡಿ ಲೆಯೀಮೊಸ್ ಅನ್ನುತ್ತೆ. ಅದನ್ನು ತಡೆಯುವ ಉಪಾಯವೊಂದು ನನ್ನ ಹತ್ತಿರ ಇದೆ, ಫೀಸು ಕಟ್ಟಿದವರಿಗೆ ಮಾತ್ರ.

ನಡುವೆ ಅರ್ಜೆಂಟೀನಾದ ಗಿರಾಕಿಗಳ ಜೊತೆ ಮಾತಾಡಬೇಕಿದ್ದ ಬಿಪಿಒ ಹುಡುಗರಿಗೆ 'ನೀನು' ಅನ್ನಲು 'ತು' ಬಿಟ್ಟು ಅಲ್ಲಿಯ 'ವೋಸ್' ಕಲಿಸಿ ನೋಡಿದೆ. 'ನೀನು ಮಾತಾಡುತ್ತೀಯ' ಅನ್ನುವ ಆ-ಬ್ಲಸ್ ಹೋಗಿ ಅ-ಬ್ಲಾಸ್. 'ನಿನ್ನಿಂದ ಆಗುತ್ತೆ' ಅನ್ನುವ ಪ್ವೇ-ದೆಸ್ ಹೋಗಿ ಪೊ-ದೇಸ್. ಒತ್ತು ಕೊನೆಗೆ ಸರಿದ ಕೂಡಲೇ ಪ್ವೇ ಮತ್ತೆ ಮೂಲರೂಪದ ಪೊ ಆಗುವುದನ್ನು ಕಂಡು ಅವರಿಗೆ ಖುಷಿಯೋ ಖುಷಿ. ಬೇಗನೂ ಕಲಿತರು.

'ಅವನು ನಕ್ಕ' ಅನ್ನುವ ರಿ-ಓ ನನ್ನ ಪಟ್ಟಿಯಲ್ಲಿ ಎರಡು ಅಕ್ಷರ. ಬರವಣಿಗೆಯಲ್ಲಿ ಅದನ್ನು ಒಂದೇ ಅಂತ ಎಣಿಸಿ, ರಾಯಲ್ ಸ್ಪ್ಯಾನಿಶ್ ಅಕಾಡೆಮಿಯ 2010ರ ಕಾಗುಣಿತ ಪುಸ್ತಕ ಒತ್ತು ತೋರಿಸಲು ಸ್ವರದ ಮೇಲೆ ಹಾಕುತ್ತಿದ್ದ ಗೀಟು ತೆಗೆಸಿದೆ. ಸೆಕೆಂಡ್‌ಹ್ಯಾಂಡ್ ಪಠ್ಯಪುಸ್ತಕ ಕೊಂಡವರು ಆ ಗೀಟನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿಕೊಳ್ಳಿ.